ಮಧ್ಯಾಹ್ನವೆಂಬ ಶಬ್ದವೂ ಒಂಬತ್ತನೆಯ ತಾಸೂ

ಮಧ್ಯಾಹ್ನವೆಂಬ ಶಬ್ದವನ್ನು ನಾವು ದಿನಾಲು ಆಡುತ್ತೇವೆ. ಇದು ಸಂಸ್ಕೃತದಿಂದ ಬಂದದ್ದು. ಮಧ್ಯ ಅಂದರೆ ನಡು. ಅಹನ್ ಅಂದರೆ ಹಗಲು. ಇವೆರಡೂ ಕೂಡುವಾಗ ಅಹನ್ ಎಂಬದು ಅಹ್ನ ಎಂದಾಗುವದು. ಆದಕಾರಣ ಹಕಾರದ ಕೆಳಗೆ ನಕಾರವನ್ನು ಬರೆಯತಕ್ಕದ್ದು. ಅನೇಕರು ಬರೆಯುವಂತೆ ನಕಾರದ ಕೆಳಗೆ ಹಕಾರವನ್ನಲ್ಲ. ನಡುಹಗಲು ಎಂಬ ನಮ್ಮ ಅಚ್ಚಗನ್ನಡದ ಮಾತಿಗೂ ಅರ್ಥ ಇದೇ.

ಇಂಗ್ಲಿಷಿನಲ್ಲಿ ಈ ಹೊತ್ತಿಗೆ ನೂನ್ ಎನ್ನುವರು. ಇದು ನೋನಾ ಎಂಬ ಲ್ಯಾಟಿನ್ ಶಬ್ದದಿಂದ ಹುಟ್ಟಿತು. ನೋನಾ ಅಂದರೆ ಒಂಬತ್ತನೆಯದು. ಹನ್ನೆರಡು ಗಂಟೆಯ ಹೊತ್ತಿಗೆ ಒಂಬತ್ತೆಂಬ ಹೆಸರು ಹೇಗೆ ಬಂತು? ರೋಮಿನವರು ಸೂರ್ಯೋದಯದಿಂದ ಅಸ್ತಮಾನದ ವರೆಗಿನ ಹಗಲನ್ನು 12 ತಾಸುಗಳಾಗಿ ಭಾಗಿಸುತ್ತಿದ್ದರು. ಬೇಸಿಗೆಯಲ್ಲಿ ತಾಸು ಉದ್ದವಾಗುವದು, ಚಳಿಗಾಲದಲ್ಲಿ ಗಿಡ್ಡವಾಗುವದು. ಆದಾಗ್ಯೂ ಆರನೆಯ ತಾಸು ಮುಗಿದಾಗ ಎಂದಿಗೂ ನಡುಹಗಲೇ. ಒಂಬತ್ತನೆಯ ತಾಸೆಂದರೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನದ ಮೇಲೆ ಸುಮಾರು 3 ಗಂಟೆ. ಮಠಗಳಲ್ಲಿ ಆ ವೇಳೆಯ ಪ್ರಾರ್ಥನೆಗೆ ನೋನಾ ಎಂದು ಹೆಸರಿತ್ತು. 12ನೆಯ ಶತಮಾನದಿಂದ ಆ ಹೆಸರು ಇಂಗ್ಲೆಂಡಿನಲ್ಲಿ ಮೂರು ಗಂಟೆಯಿಂದ ಹನ್ನೆರಡರ ಕಡೆಗೆ ಮೆಲ್ಲನೆ ಸರಿದು, 14ನೆಯ ಶತಮಾನದಲ್ಲಿ ನಡುಹಗಲಿಗೇ ಸಲ್ಲುವದಾಯಿತು. ಹೆಸರು ಉಳಿಯಿತು, ಹೊತ್ತು ಬದಲಾಯಿತು.

ಇದನ್ನು ತಿಳಿಯುವದರಿಂದ ನಮಗೇನು ಪ್ರಯೋಜನ? ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿಯೂ ತಾಸುಗಳನ್ನು ಸೂರ್ಯೋದಯದಿಂದಲೇ ಎಣಿಸಿದೆ. 27:45ರಲ್ಲಿ ಆರನೆಯ ತಾಸಿನಿಂದ ಒಂಬತ್ತನೆಯ ತಾಸಿನ ವರೆಗೆ ಕತ್ತಲೆಯಾಯಿತೆಂಬದನ್ನು ಒಬ್ಬನು ಬೆಳಿಗ್ಗೆ 6ರಿಂದ 9ರ ತನಕ ಎಂದು ತಿಳಿದರೆ, ಅದನ್ನು ಮುಂಜಾವಿನ ಮಬ್ಬೆಂದು ಎಣಿಸಿ ಆ ಮಾತಿನ ಭಾರವನ್ನೇ ಕಳಕೊಳ್ಳುವನು. ಕತ್ತಲೆ ಕವಿದದ್ದು ಬಿಸಿಲು ಸುಡುವ 12ರಿಂದ 3ರ ವರೆಗಿನ ವೇಳೆಯಲ್ಲಿಯೇ.

ಈ ಲೆಕ್ಕಕ್ಕೆ ಸಾಕ್ಷಿ ಅದೇ ಸುವಾರ್ತೆಯ 20ನೆಯ ಅಧ್ಯಾಯದಲ್ಲಿದೆ. ಹನ್ನೊಂದನೆಯ ತಾಸಿನಲ್ಲಿ ತೋಟಕ್ಕೆ ಬಂದ ಕೂಲಿಯವರು ಒಂದೇ ತಾಸು ಕೆಲಸ ಮಾಡಿದರೆಂದು ಮೊದಲಿನವರು ಗುಣುಗುಟ್ಟಿದರು. ಹನ್ನೊಂದು ಕಳೆದ ಮೇಲೆ ಹೊತ್ತು ಮುಳುಗಲು ಒಂದೇ ತಾಸು ಉಳಿದಿತ್ತಷ್ಟೆ. ಅದು ಬೆಳಿಗ್ಗೆ 11 ಗಂಟೆಯಾಗಿದ್ದರೆ ಅವರು ಅರ್ಧ ದಿನಕ್ಕಿಂತ ಹೆಚ್ಚು ದುಡಿದಂತಾಗಿ, ಗುಣುಗುಟ್ಟುವವರ ಮಾತೇ ಸುಳ್ಳಾಗುತ್ತಿತ್ತು.

ಆದದರಿಂದ ಹಳೆಯ ಗ್ರಂಥಗಳಲ್ಲಿ ತಾಸಿನ ಮಾತು ಬಂದಾಗ, ಎಣಿಕೆ ಎಲ್ಲಿಂದ ಆರಂಭವಾಯಿತೆಂದು ಮೊದಲು ವಿಚಾರಿಸಿರಿ. ಅಪೊಸ್ತಲರ ಕೃತ್ಯಗಳು 10:9ರ ಮೂಲದಲ್ಲಿ ಪೇತ್ರನು ಆರನೆಯ ತಾಸಿನಲ್ಲಿ ಪ್ರಾರ್ಥನೆಗೆ ಮಾಳಿಗೆಯನ್ನೇರಿದನೆಂದು ಇದೆ. ಅದು ಯಾವ ಹೊತ್ತು? ಮುಂದಿನ ವಚನದಲ್ಲಿ ಅವನಿಗೆ ಹಸಿವಾದದ್ದು ಯಾಕೆ? ಮನೆಯವರೆಲ್ಲರೂ ಕೂಡಿ ಓದಿ ಉತ್ತರ ಹೇಳಿರಿ.