ಕುಡಿ ಚಿವುಟಿದರೆ ಹೂವು ಹೆಚ್ಚುವುದೇಕೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಹೂಗಿಡವಿಲ್ಲದ ಅಂಗಳ ಅಪರೂಪ. ಮಲ್ಲಿಗೆ, ದಾಸವಾಳ, ಕೇಪುಳ, ಸೇವಂತಿಗೆ ಇವೆಲ್ಲವೂ ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವ ಬಹುವಾರ್ಷಿಕ ಸಸ್ಯಗಳು. ಹೂಗುಚ್ಛಗಳಲ್ಲಿ ಕಾಣುವ ಹಳದಿ ಗೊಂಚಲಿನ ಗೋಲ್ಡನ್‌ರಾಡ್ ಕೂಡ ಇದೇ ಬಗೆಯದು. ಅದು ಉತ್ತರ ಅಮೆರಿಕ ಮೂಲದ, ಸೇವಂತಿಗೆಯ ಕುಟುಂಬಕ್ಕೇ ಸೇರಿದ ಗಿಡ. ಇಂಥ ಗಿಡಗಳನ್ನು ಸವರಿದರೆ ಹೂವು ಹೆಚ್ಚುವುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಒಂದು ಮನೆಯಲ್ಲಿ ಸವರಿದ ಗಿಡ ಮೈತುಂಬ ಹೂ ಬಿಟ್ಟರೆ, ನೆರೆಮನೆಯಲ್ಲಿ ಅದೇ ಜಾತಿಯ ಗಿಡ ಸವರಿದ ಕಾರಣದಿಂದಲೇ ಆ ವರ್ಷ ಹೂವನ್ನು ಕಾಣದೆ ಹೋಗುವುದುಂಟು. ಇದರ ಮರ್ಮವೇನು?

ಸೇವಂತಿಗೆಯ ಒಂದು ಕಾಂಡವನ್ನು ಗಮನಿಸಿ ನೋಡಿ. ತುದಿಯಲ್ಲಿ ಬೆಳೆಯುತ್ತಿರುವ ಕುಡಿಯಿದೆ. ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದು ಪುಟ್ಟ ಮೊಗ್ಗಿದೆ. ಈ ಕಂಕುಳ ಮೊಗ್ಗು ಕವಲಾಗಿ ಬೆಳೆಯಬಲ್ಲುದು; ಆದರೂ ಮೇಲಿನ ಕುಡಿ ಇರುವವರೆಗೆ ಬಹುಮಟ್ಟಿಗೆ ನಿದ್ರಿಸುತ್ತಿರುತ್ತದೆ. ಇದನ್ನು ವಿಜ್ಞಾನಿಗಳು ಅಗ್ರಪ್ರಾಬಲ್ಯವೆಂದು ಕರೆಯುತ್ತಾರೆ.

ಕುಡಿಯು ಕೆಳಗಿನ ಮೊಗ್ಗುಗಳನ್ನು ಹೇಗೆ ತಡೆಯುತ್ತದೆ? 1928ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ವಿಜ್ಞಾನಿ ಓಟ್ಸ್ ಮೊಳಕೆಯ ತುದಿಯಿಂದ ಬೆಳವಣಿಗೆಯ ವಸ್ತುವೊಂದು ಕೆಳಗಿಳಿಯುವುದನ್ನು ತೋರಿಸಿದನು. ಅದಕ್ಕೆ ಆಕ್ಸಿನ್ ಎಂಬ ಹೆಸರು ಬಂದಿತು. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬಿಬ್ಬರು ಅವರೆ ಜಾತಿಯ ಗಿಡವೊಂದರ ಕುಡಿಯನ್ನು ಕತ್ತರಿಸಿ, ಆ ಜಾಗದಲ್ಲಿ ಆಕ್ಸಿನ್ ಬೆರೆಸಿದ ಅಗರ್ ತುಣುಕನ್ನು ಇಟ್ಟರು. ಕುಡಿ ಇಲ್ಲದಿದ್ದರೂ ಕಂಕುಳ ಮೊಗ್ಗುಗಳು ಏಳಲಿಲ್ಲ. ಕುಡಿಯ ಅಧಿಕಾರವನ್ನು ಆಕ್ಸಿನ್ ನಡೆಸುತ್ತಿತ್ತೆಂಬುದು ಇದರಿಂದ ಸಿದ್ಧವಾಯಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆಕ್ಸಿನ್ ಕಾಂಡದಲ್ಲಿ ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ವೇಗದಲ್ಲಿ ಮಾತ್ರ ಇಳಿಯುತ್ತದೆ. ಕುಡಿ ಕತ್ತರಿಸಿದ ಸುದ್ದಿ ಈ ಮಾರ್ಗವಾಗಿಯೇ ಬರಬೇಕಾದರೆ, ನಲವತ್ತು ಸೆಂಟಿಮೀಟರ್ ಕೆಳಗಿರುವ ಮೊಗ್ಗು ಒಂದೂವರೆ ದಿನಕ್ಕಿಂತ ಹೆಚ್ಚು ಕಾಯಬೇಕು. ವಾಸ್ತವವಾಗಿ ಅದು ಕೆಲವೇ ಗಂಟೆಗಳಲ್ಲಿ ಚಿಗುರತೊಡಗುತ್ತದೆ. 2014ರಲ್ಲಿ ಬಟಾಣಿ ಗಿಡಗಳ ಮೇಲೆ ನಡೆದ ಸಂಶೋಧನೆಯು ಇದಕ್ಕೆ ಉತ್ತರವಿತ್ತಿತು. ಬೆಳೆಯುವ ಕುಡಿಯು ಎಲೆಗಳು ತಯಾರಿಸಿದ ಸಕ್ಕರೆಯ ದೊಡ್ಡ ಪಾಲನ್ನು ಸೆಳೆದುಕೊಳ್ಳುತ್ತಿರುತ್ತದೆ. ಕುಡಿ ಹೋದೊಡನೆ ಆ ಸಕ್ಕರೆ ಕಂಕುಳ ಮೊಗ್ಗುಗಳತ್ತ ಶೀಘ್ರವಾಗಿ ಹರಿದು ಅವನ್ನು ಎಬ್ಬಿಸುತ್ತದೆ. ಎದ್ದ ಕವಲಿನ ಮುಂದಿನ ಬೆಳವಣಿಗೆಯನ್ನು ಆಕ್ಸಿನ್ ಮತ್ತಿತರ ಚೋದಕಗಳು ನಿಯಂತ್ರಿಸುತ್ತವೆ. ಕತ್ತರಿಯು ಗಿಡಕ್ಕೆ ಹೊಸ ಶಕ್ತಿಯೇನನ್ನೂ ಕೊಡುವುದಿಲ್ಲ. ಇದ್ದ ಆಹಾರದ ಹಂಚಿಕೆಯನ್ನು ಬದಲಿಸುತ್ತದೆ, ಅಷ್ಟೆ.

ಹಾಗಾದರೆ ಹೂವು ತಪ್ಪುವುದೇಕೆ? ಎದ್ದ ಕವಲು ಬೆಳೆದು, ಬಲಿತು, ಹೂಮೊಗ್ಗು ಕಟ್ಟಲು ಕಾಲಾವಕಾಶ ಬೇಕು. ಸೇವಂತಿಗೆಯಲ್ಲಿ ಈ ಕಾಲವನ್ನು ಇರುಳಿನ ಉದ್ದ ನಿರ್ಧರಿಸುತ್ತದೆ. ಹಗಲಿನ ಉದ್ದಕ್ಕೂ ಹೂ ಬಿಡುವಿಕೆಗೂ ಸಂಬಂಧವಿರುವುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಪ್ರಕಟಿಸಿದರು. ನಮ್ಮ ಪ್ರದೇಶವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ 20 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆಯೇ ಆದರೂ ಗಿಡ ಅದನ್ನು ಗುರುತಿಸುತ್ತದೆ. ಇರುಳು ಬೆಳೆದಂತೆ ಸೇವಂತಿಗೆಯ ಕುಡಿ ಎಲೆಗಳನ್ನು ಬಿಡುವುದನ್ನು ನಿಲ್ಲಿಸಿ ಹೂಮೊಗ್ಗಾಗಿ ಮಾರ್ಪಡುತ್ತದೆ. ಆ ಬಳಿಕ ಚಿವುಟಿದವನು ಕುಡಿಯನ್ನಲ್ಲ, ಹೂವನ್ನೇ ಚಿವುಟಿದಂತಾಯಿತು.

ಆದುದರಿಂದ ಸೇವಂತಿಗೆಗೆ ನಿಯಮ ಸರಳ: ಹೂವು ಬೇಕಾದ ದಿನಕ್ಕೆ ಸುಮಾರು ಮೂರು ತಿಂಗಳು ಮೊದಲೇ ಕೊನೆಯ ಚಿವುಟುವಿಕೆ ಮುಗಿದಿರಬೇಕು. ದೀಪಾವಳಿಯ ವೇಳೆಗೆ ಹೂವು ಬೇಕೆಂದರೆ ಆಟಿ ತಿಂಗಳೊಳಗೆ ಚಿವುಟಿ, ಸೋಣದಲ್ಲಿ ಕೈ ತಡೆಯಬೇಕು. ಗೋಲ್ಡನ್‌ರಾಡ್‌ನ ತವರಿನಲ್ಲಿಯೂ ತೋಟಗಾರರು ಬೇಸಿಗೆಯ ಆರಂಭದೊಳಗೆ ಅದನ್ನು ಅರ್ಧಕ್ಕೆ ಸವರಿ ಅನಂತರ ಮುಟ್ಟುವುದಿಲ್ಲ. ಹೂವು ಬಾಡಿದ ಮೇಲೆ ಬೀಜ ಚೆಲ್ಲದಂತೆ ತೆನೆಗಳನ್ನು ಕತ್ತರಿಸುತ್ತಾರೆ. ಮಲ್ಲಿಗೆ, ದಾಸವಾಳಗಳ ಬಗೆ ಬೇರೆ. ಅವು ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ, ಹೂವು ವಿರಳವಾದ ಕಾಲದಲ್ಲಿ ಸವರಿ ಹೊಸ ಚಿಗುರು ಬರಿಸಬೇಕು. ಕೇಪುಳದ ಗೊಂಚಲು ರೆಂಬೆಯ ತುದಿಯಲ್ಲಿಯೇ ಮೂಡುತ್ತದೆ. ಅದನ್ನು ಗೊಂಚಲು ಬಾಡಿದೊಡನೆ ಸವರುವುದು ಲೇಸು.

ನಮ್ಮ ಜಿಲ್ಲೆಯಲ್ಲಿ ಸವರುವುದರಿಂದ ಇನ್ನೊಂದು ಪ್ರಯೋಜನವಿದೆ. ಇಲ್ಲಿ ವರ್ಷಕ್ಕೆ 3500 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಘಟ್ಟದ ಬುಡದಲ್ಲಿರುವ ಬೆಳ್ತಂಗಡಿಯ ಕಡೆ ಗಾಳಿಮಳೆಯ ಹೊಡೆತ ಚಿರಪರಿಚಿತ. ಒಂದೇ ದಪ್ಪದ ನೆಟ್ಟಗಿನ ಗಿಡವನ್ನು ಊಹಿಸಿಕೊಳ್ಳಿ. ಎತ್ತರ ಇಮ್ಮಡಿಯಾದರೆ ಗಾಳಿಯ ಬಲ ಇಮ್ಮಡಿಯಾಗುತ್ತದೆ. ಆ ಬಲ ವರ್ತಿಸುವ ಬಿಂದುವಿನ ಎತ್ತರವೂ ಇಮ್ಮಡಿಯಾಗುತ್ತದೆ. ಹೀಗಾಗಿ ಬುಡವನ್ನು ಬಾಗಿಸುವ ಬಲದ ಮಹತ್ತು ನಾಲ್ಕು ಪಟ್ಟಾಗುತ್ತದೆ. 120 ಸೆಂಟಿಮೀಟರ್ ಗಿಡವನ್ನು 60ಕ್ಕೆ ಇಳಿಸಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಕವಲುಗಳು ಹೆಚ್ಚಿದಾಗ ಗಾಳಿಗೆ ಒಡ್ಡುವ ಮೈ ಹೆಚ್ಚುವುದು ನಿಜ. ಆದರೂ ಗಿಡ್ಡ ಗಿಡಕ್ಕೇ ಲಾಭ. ಕತ್ತರಿಸುವಾಗ ಮಳೆ ಬಿಡುವು ಕೊಟ್ಟ ದಿನವನ್ನು ಆರಿಸಿ, ಶುಚಿಯಾದ ಹರಿತ ಅಲಗಿನಿಂದ, ಮೊಗ್ಗಿನ ಸ್ವಲ್ಪ ಮೇಲೆ ಕತ್ತರಿಸಬೇಕು. ತೇವದಲ್ಲಿ ಗಾಯದ ಮೂಲಕ ಬೂಷ್ಟು ರೋಗ ಒಳಹೊಗುವ ಭಯವಿದೆ.

ವಿದ್ಯಾರ್ಥಿಗಳು ಈ ತತ್ತ್ವವನ್ನು ಮೂರು ಕುಂಡಗಳಲ್ಲಿ ತಾವೇ ಪರೀಕ್ಷಿಸಬಹುದು. ಮೂರರಲ್ಲಿಯೂ ಅಲಸಂಡೆ ಬೀಜ ಬಿತ್ತಿ, ಗಿಡಗಳು ನಾಲ್ಕಾರು ಎಲೆ ಬಿಟ್ಟಾಗ ಒಂದನ್ನು ಹಾಗೆಯೇ ಬಿಡಿ. ಎರಡನೆಯದರ ಕುಡಿಯನ್ನು ಕತ್ತರಿಸಿ. ಮೂರನೆಯದರಲ್ಲಿ ಕುಡಿಯನ್ನು ಉಳಿಸಿ ಒಂದು ಬಲಿತ ಎಲೆಯನ್ನು ಮಾತ್ರ ಕತ್ತರಿಸಿ. ಎರಡು ವಾರ ದಿನವೂ ಕಂಕುಳ ಕವಲುಗಳ ಉದ್ದವನ್ನು ಅಳೆದು ನಕ್ಷೆ ಬರೆಯಿರಿ. ಗಾಯವಾಗುವುದೇ ಕವಲೊಡೆಯಲು ಕಾರಣವೋ, ಕುಡಿ ಹೋದದ್ದು ಕಾರಣವೋ ಎಂಬುದನ್ನು ಎರಡನೆಯ ಮತ್ತು ಮೂರನೆಯ ಕುಂಡಗಳ ಹೋಲಿಕೆಯೇ ಹೇಳುತ್ತದೆ. ಆ ಮೇಲೆ ಅಂಗಳದ ಗಿಡದ ಮುಂದೆ ಕತ್ತರಿ ಹಿಡಿದು ನಿಂತಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಈ ಗಿಡ ಹೂ ಬಿಡುವುದು ರೆಂಬೆಯ ಯಾವ ಭಾಗದಲ್ಲಿ? ಅದಕ್ಕೆ ಇನ್ನೆಷ್ಟು ಕಾಲ ಉಳಿದಿದೆ? ಉತ್ತರ ದೊರೆತ ಮೇಲೆ ಕತ್ತರಿಸಿದರೆ ಸಾಕು.