ಫೈರ್‌ಸ್ಟೋರ್‌ನಲ್ಲಿ ಬಳಕೆದಾರರ ಮಾಹಿತಿಯನ್ನು ಜೋಡಿಸುವ ಕ್ರಮ

ಮಾಹಿತಿಯನ್ನು ಕೋಷ್ಟಕಗಳ ಬದಲು ಡಾಕ್ಯುಮೆಂಟ್‌ಗಳಲ್ಲಿ ಇಡುವ ಡೇಟಾಬೇಸ್‌ಗಳ ಪೈಕಿ ಗೂಗಲ್‌ನ ಫೈರ್‌ಸ್ಟೋರ್ ಒಂದು. ಇಲ್ಲಿ ಡಾಕ್ಯುಮೆಂಟ್ ಎಂದರೆ ಹೆಸರು, ಊರು, ಫೋನ್ ಮುಂತಾದ ಫೀಲ್ಡ್‌ಗಳ ಕಟ್ಟು. ಅಂಥ ಡಾಕ್ಯುಮೆಂಟ್‌ಗಳ ಗುಂಪು ಕಲೆಕ್ಷನ್. ಬಳಕೆದಾರನ ಸಮಸ್ತ ವಿವರವನ್ನೂ ಒಂದೇ ಡಾಕ್ಯುಮೆಂಟ್‌ಗೆ ತುಂಬುವುದು ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

1. ಐಡಿಯ ಆಯ್ಕೆ: ಲಾಗಿನ್ ವ್ಯವಸ್ಥೆಯಾದ ಫೈರ್‌ಬೇಸ್ ಅಥೆಂಟಿಕೇಶನ್ ಪ್ರತಿ ಖಾತೆಗೆ ನೀಡುವ ಯುಐಡಿಯನ್ನೇ ಡಾಕ್ಯುಮೆಂಟ್‌ನ ಐಡಿಯಾಗಿ ಇಡಬೇಕು. ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಬದಲಾಗುತ್ತವೆ. ಆದರೆ ಡಾಕ್ಯುಮೆಂಟ್‌ಗೆ ಒಮ್ಮೆ ಕೊಟ್ಟ ಐಡಿಯನ್ನು ಬದಲಿಸಲು ಬರುವುದಿಲ್ಲ.

2. ಸಾರ್ವಜನಿಕ ಮತ್ತು ಖಾಸಗಿ ವಿವರಗಳ ವಿಂಗಡಣೆ: ಯಾರು ಏನನ್ನು ಓದಬಹುದೆಂದು ನಿರ್ಧರಿಸುವ ಸೆಕ್ಯುರಿಟಿ ರೂಲ್ಸ್ ಓದುವ ಅನುಮತಿಯನ್ನು ಇಡೀ ಡಾಕ್ಯುಮೆಂಟ್‌ಗೆ ಕೊಡುತ್ತದೆ ಇಲ್ಲವೇ ನಿರಾಕರಿಸುತ್ತದೆಯೇ ಹೊರತು, ಒಂದು ಫೀಲ್ಡನ್ನು ಮಾತ್ರ ಮರೆಮಾಡುವುದಿಲ್ಲ. ಮೊಬೈಲ್ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸದಿದ್ದರೆ ಅದು ಗುಟ್ಟಾಗಿ ಉಳಿಯುತ್ತದೆಂಬ ನಂಬಿಕೆ ಅಪಾಯಕಾರಿ. ಏಕೆಂದರೆ ಹೆಸರನ್ನಷ್ಟೇ ಬಯಸಿ ಓದಿದರೂ ಅದೇ ಡಾಕ್ಯುಮೆಂಟ್‌ನಲ್ಲಿರುವ ಸಂಖ್ಯೆ, ವಿಳಾಸ, ಜನ್ಮದಿನಾಂಕಗಳೆಲ್ಲ ಓದಿದವನ ಫೋನಿಗೆ ಇಳಿದಿರುತ್ತವೆ, ತಿಳಿದವರು ಅವನ್ನು ಸುಲಭವಾಗಿ ಹೊರತೆಗೆಯುತ್ತಾರೆ. ಆದ್ದರಿಂದ ಎಲ್ಲರಿಗೂ ಕಾಣಬೇಕಾದ ಹೆಸರು, ಚಿತ್ರಗಳನ್ನು ಮುಖ್ಯ ಡಾಕ್ಯುಮೆಂಟ್‌ನಲ್ಲಿರಿಸಿ, ಉಳಿದವನ್ನು ಅದರಡಿಯ ಸಬ್‌ಕಲೆಕ್ಷನ್‌ನಲ್ಲಿ, ಅಂದರೆ ಒಳಗುಂಪಿನಲ್ಲಿ, ಬೇರೆ ಡಾಕ್ಯುಮೆಂಟಾಗಿ ಇಟ್ಟು, ಖಾತೆದಾರನಿಗೆ ಮಾತ್ರ ಅನುಮತಿ ನೀಡುವ ಪ್ರತ್ಯೇಕ ನಿಯಮವನ್ನು ಬರೆಯಬೇಕು. ಇಷ್ಟಾದರೂ ಒಂದು ಎಚ್ಚರ ಅಗತ್ಯ: ಅನ್ವಯವಾಗುವ ನಿಯಮಗಳಲ್ಲಿ ಯಾವುದಾದರೂ ಒಂದು ಒಪ್ಪಿದರೂ ಬಾಗಿಲು ತೆರೆಯುವುದರಿಂದ, ಒಳಗುಂಪುಗಳನ್ನೂ ಒಳಗೊಳ್ಳುವಂತೆ ಜೋಡಿ ನಕ್ಷತ್ರಚಿಹ್ನೆ ಹಾಕಿ ಬರೆದ ಸಡಿಲ ನಿಯಮವೊಂದು ಮೇಲೆ ಉಳಿದಿದ್ದರೆ, ಕೆಳಗಿನ ಬಿಗಿ ನಿಯಮ ನಿಷ್ಫಲವಾಗುತ್ತದೆ. ಪರೀಕ್ಷೆಗೆಂದು ತೆರೆದಿಟ್ಟ ನಿಯಮಗಳನ್ನು ಹಾಗೆಯೇ ಬಿಟ್ಟು ಆ್ಯಪ್ ಬಿಡುಗಡೆ ಮಾಡುವುದು ಅಕ್ಷಮ್ಯ.

3. ಬೆಳೆಯುವ ಪಟ್ಟಿಗಳು: ಒಂದು ಡಾಕ್ಯುಮೆಂಟ್‌ನ ಗಾತ್ರ ಸುಮಾರು 1 ಎಂಬಿಯನ್ನು ಮೀರುವಂತಿಲ್ಲ. ಎರಡು ಮೂರು ವಿಳಾಸಗಳು ಖಾಸಗಿ ಡಾಕ್ಯುಮೆಂಟ್‌ನೊಳಗೇ ಇರಬಹುದು. ಆರ್ಡರ್, ಸಂದೇಶಗಳಂತೆ ಕೊನೆಯಿಲ್ಲದೆ ಬೆಳೆಯುವವುಗಳಿಗೆ ಸಬ್‌ಕಲೆಕ್ಷನ್ನೇ ತಕ್ಕ ಜಾಗ.

4. ನಕಲು ಮತ್ತು ಅಳಿಸುವಿಕೆ: ಪ್ರತಿ ಡಾಕ್ಯುಮೆಂಟ್‌ನ ಓದಿಗೂ ಶುಲ್ಕದ ಲೆಕ್ಕವಿರುವುದರಿಂದ, ಪ್ರತಿಕ್ರಿಯೆಯ ಜೊತೆಗೇ ಬರೆದವನ ಹೆಸರಿನ ನಕಲನ್ನು ಇಡುವುದು ಮಿತವ್ಯಯ, ಆದರೆ ಹೆಸರು ಬದಲಾದಾಗ ನಕಲುಗಳನ್ನೂ ತಿದ್ದಬೇಕು. ಮುಖ್ಯ ಡಾಕ್ಯುಮೆಂಟನ್ನು ಅಳಿಸಿದರೆ ಸಬ್‌ಕಲೆಕ್ಷನ್ ತಾನಾಗಿ ಅಳಿಯದು. ಅದನ್ನು ಬೇರೆಯಾಗಿಯೇ ಅಳಿಸಬೇಕು.