ಬೆಟ್ಟ ಒಂದೇ, ಹೆಸರು ಎರಡು



ಬಾಳಗಡಿಯಿಂದ ಹೊರಟು ಬಾಳೆಹೊನ್ನೂರು, ಕಳಸ ದಾಟಿದರೆ ಸಂಸೆ ಎಂಬ ಊರು ಸಿಗುತ್ತದೆ. ಅಲ್ಲಿಂದ ಏರುವ ಪರ್ವತವನ್ನು ಹಿಂದಿನವರು ‘ಸಂಸೆ ಪರ್ವತ’ ಎನ್ನುತ್ತಿದ್ದರು. ಅದೇ ಪರ್ವತವು ಇಂದು ನಮಗೆಲ್ಲ ‘ಕುದುರೆಮುಖ’. ಒಂದೇ ಬೆಟ್ಟಕ್ಕೆ ಎರಡು ಹೆಸರೇಕೆ? ಇವುಗಳಲ್ಲಿ ಸರಿಯಾದುದು ಯಾವುದು?

ನಿಂತ ಜಾಗದಿಂದ ಬಂದ ಹೆಸರು

1,894 ಮೀಟರ್, ಅಂದರೆ ಸುಮಾರು 6,215 ಅಡಿ ಎತ್ತರದ ಈ ಶಿಖರವು ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಯಲ್ಲಿದೆ. ಪೂರ್ವಕ್ಕೆ ಹುಲ್ಲು ಹೊದ್ದ ಗುಡ್ಡಗಳು, ಅವುಗಳ ಸಂದುಗಳಲ್ಲಿ ಶೋಲಾ ಕಾಡು. ಪಶ್ಚಿಮಕ್ಕೆ ನೆಲವು ಗೋಡೆಯಂತೆ ಇಳಿದು ಕರಾವಳಿ ಸೇರುತ್ತದೆ. ಆ ಕಡೆಯಿಂದ ನೋಡಿದವರಿಗೆ ಶಿಖರವು ಕುದುರೆಯ ಮುಖದಂತೆ ಕಂಡಿತು. ಕಡಲಿನಲ್ಲಿ ಸಾಗುವ ನಾವಿಕರಿಗೆ ಅದು ದಾರಿ ತಿಳಿಯುವ ಗುರುತಾಗಿತ್ತು. ಘಟ್ಟದ ಮೇಲಿನವರು ಮಾತ್ರ ತಾವು ಹತ್ತಲು ಹೊರಡುವ ಊರಿನ ಹೆಸರನ್ನೇ ಅದಕ್ಕೆ ಕೊಟ್ಟರು. ಒಬ್ಬರು ಕಂಡ ರೂಪವನ್ನು ಹೇಳಿದರು, ಇನ್ನೊಬ್ಬರು ನಡೆದ ದಾರಿಯನ್ನು ಹೇಳಿದರು. ಸುಳ್ಳು ಹೇಳಿದವರು ಯಾರೂ ಇಲ್ಲ.

ಜಬಲ್ ತಾರಿಖ್

ಅರಬಿಯಲ್ಲಿ ‘ಜಬಲ್’ ಎಂದರೆ ಬೆಟ್ಟ. ಸ್ಪೇನ್‌ನ ದಕ್ಷಿಣ ತುದಿಗೆ ಹತ್ತಿರವಿರುವ ಬಂಡೆಬೆಟ್ಟವನ್ನು ಪ್ರಾಚೀನರು ‘ಕಾಲ್ಪೆ’ ಎನ್ನುತ್ತಿದ್ದರು. ಕ್ರಿ.ಶ. 711ರಲ್ಲಿ ತಾರಿಖ್ ಬಿನ್ ಝಿಯಾದ್ ಅಲ್ಲಿಗೆ ಬಂದಿಳಿದ ಬಳಿಕ ಅದು ‘ಜಬಲ್ ತಾರಿಖ್’ ಆಯಿತು. ಯುರೋಪಿನವರ ಬಾಯಲ್ಲಿ ಅದೇ ಸವೆದು ‘ಜಿಬ್ರಾಲ್ಟರ್’ ಆಗಿ ಉಳಿದಿದೆ. ಹೆಸರು ಬದಲಾಯಿತು, ಬಂಡೆ ಅಲ್ಲಿಯೇ ಇದೆ.

ಬೆಟ್ಟದ ಹೆಸರು ಪೇಟೆಗೆ

ನಮ್ಮ ಕುದುರೆಮುಖದ ಹೆಸರೂ ಸ್ಥಳ ಬದಲಿಸಿದೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಸ್ಥಾಪನೆಯಾಯಿತು. ಮಲ್ಲೇಶ್ವರದಲ್ಲಿ ಎದ್ದ ಕಂಪೆನಿಯ ವಸತಿ ಪಟ್ಟಣವನ್ನೇ ಜನರು ಕುದುರೆಮುಖ ಎನ್ನತೊಡಗಿದರು. ಅಲ್ಲಿಗೆ ಹೋಗಿ ಬಂದು ಶಿಖರವನ್ನೇ ಕಂಡೆವೆಂದು ತಿಳಿದವರೂ ಉಂಟು. 1987ರಲ್ಲಿ ಈ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಂಪೆನಿ ಹಿಂದೆ ಸರಿಯಿತು, ಬೆಟ್ಟ ಉಳಿಯಿತು. ಈ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿಗೂ ಭದ್ರೆ ಬಾಳೆಹೊನ್ನೂರಿಗೂ ನೀರುಣಿಸುತ್ತವೆ. ನೇತ್ರಾವತಿಯು ಪಶ್ಚಿಮಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ನೀರು ಒಂದೇ ಬೆಟ್ಟದ್ದು.

ನಮಗಿರುವ ಪಾಠ

ಬೆಟ್ಟದ ವಿಷಯದಲ್ಲಿ ಎರಡೂ ಹೆಸರುಗಳನ್ನು ನಾವು ಸುಲಭವಾಗಿ ಒಪ್ಪುತ್ತೇವೆ. ಆದರೆ ಮನೆಯ ಮಾತಿನಲ್ಲಿ? ತೋಟದ ಪಾಲಿನ ವಿಷಯದಲ್ಲಿ ಅಣ್ಣ ಹೇಳಿದ್ದನ್ನು ತಮ್ಮ ಸುಳ್ಳೆನ್ನುತ್ತಾನೆ. ಸೊಸೆಯ ಮಾತು ಅತ್ತೆಗೆ ಚುಚ್ಚುಮಾತಾಗಿ ಕೇಳಿಸುತ್ತದೆ. ವರ್ಷಗಟ್ಟಲೆ ಸಲಾಮ್ ನಿಂತು ಹೋಗುತ್ತದೆ. ಎಲ್ಲ ಜಗಳಗಳೂ ಹೀಗೆ ಎಂದಲ್ಲ. ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು. ಆದರೆ ತೀರ್ಪು ಕೊಡುವ ಮುನ್ನ ಒಮ್ಮೆ ಅವರು ನಿಂತ ಕಡೆಗೆ ಹೋಗಿ ನಿಂತು ನೋಡಿ. ನಾವು ಸಂಸೆಯಿಂದ ನೋಡುತ್ತಿರುವುದನ್ನೇ ಅವರು ಕಡಲಿನಿಂದ ನೋಡುತ್ತಿರಬಹುದು.